ಎಡೆ ಉಂಡವರು

ಬೆನ್ಸನ್ ಟೌನಿನ ಡಾಕ್ಟರ್ ತಾಹೇರಾ ನನ್ನ ನಾಡಿಯನ್ನೂ ಹಿಡಿಯಲಿಲ್ಲ. ಥೈರಾಯ್ಡ್, ಶುಗರ್ ಎಲ್ಲ ಸರಿಯಿದೆ ಎಂದು ಹಳೆಯ ರಿಪೋರ್ಟುಗಳೇ ಹೇಳಿದ್ದವು. ಒಂದೇ ವರ್ಷದಲ್ಲಿ ಹದಿನೆಂಟು ಕೆಜಿ ಏರಿದ್ದ ನನ್ನನ್ನು ಅವರು ಬರೀ ಪ್ರಶ್ನೆ ಕೇಳುತ್ತಾ ಹೋದರು. ಬಾಣಸವಾಡಿಯಿಂದ ಆಟೋದಲ್ಲಿ ನನ್ನನ್ನು ಎಳೆದುತಂದಿದ್ದ ಅತ್ತೆ ಅಕ್ಕಯಮ್ಮ ಪಕ್ಕದಲ್ಲಿ ಸೆರಗು ಬೀಸಿಕೊಳ್ಳುತ್ತಿದ್ದರು. ಬರೀ ಮಾತಾಡೋಕೆ ಡಾಕ್ಟ್ರು ಬೇಕಾ ಎಂಬುದು ಅವರ ಮುಖದಲ್ಲೇ ಇತ್ತು.

“ಹಸಿವಿಲ್ದಿದ್ರೂ ತಿಂತೀರಾ?”

“ಹೂಂ.”

“ಬೇಗ ಬೇಗ? ಹೊಟ್ಟೆ ನೋಯೋವರೆಗೂ?”

“ಹೂಂ.”

“ಆಮೇಲೆ ವಾಂತಿ ಮಾಡ್ಕೊಳ್ಳೋದು, ಉಪವಾಸ ಇರೋದು?”

“ಇಲ್ಲ. ಸುಮ್ನೆ ಅಳ್ತೀನಿ.”

ಅತ್ತೆಯ ಸೆರಗು ನಿಂತಿತು.

“ನಿಲ್ಲಿಸ್ಬೇಕು ಅಂದ್ಕೊಂಡ್ರೂ ನಿಲ್ಲಿಸೋಕಾಗದ ಒಂದು ಸಲದ್ದು ಹೇಳಿ, ಯಮುನಾ.”

ಚೆನ್ನಾಗಿ ನೆನಪಿದ್ದದ್ದು ಒಂದೇ. ಅತ್ತೆಯ ಎದುರು ಹೇಳಬಾರದ್ದೂ ಅದೇ.

ಮಾವ ಬೈಲಪ್ಪ ತೀರಿಕೊಂಡ ದಿನ ಬೆಳಿಗ್ಗೆ ಅತ್ತೆ ಅವರೊಡನೆ ಜಗಳವಾಡಿದ್ದರು. ಅವರು ತಟ್ಟೆ ತಳ್ಳಿ ಎದ್ದುಹೋದವರು ಸಂಜೆಗೆ ಹೆಣವಾಗಿ ಬಂದರು. ಮರುವರ್ಷ ಮಹಾಲಯ ಅಮಾವಾಸ್ಯೆಗೆ ಅವರಿಗೆ ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಜಗಲಿಯಲ್ಲಿ ಕೂತರು. ಬಾಗಿಲು ತೆಗೆದರೆ ಎಲೆ ಖಾಲಿ! “ಉಂಡವ್ರೆ ಕಣೇ, ಕ್ವಾಪ ಬಿಟ್ಟವ್ರೆ!” ಎಂದು ಅತ್ತೆ ಹೊಸ್ತಿಲಲ್ಲೇ ಕೂತು ಅತ್ತರು. ವರ್ಷದಿಂದ ಬಾರದಿದ್ದ ನಿದ್ದೆ ಅವರಿಗೆ ಬಂದದ್ದು ಅವತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಮೂರು ದಿನ ಅದನ್ನೇ ಆಡಿಕೊಳ್ಳುವ ಹೆಂಗಸು, ನಿಜ. ಆದರೂ ಆ ನಿದ್ದೆ ಕಿತ್ತುಕೊಳ್ಳಲು ನನಗೆ ಮನಸ್ಸಿರಲಿಲ್ಲ.

“ಬಿಂಜ್ ಈಟಿಂಗ್, ಅಂದ್ರೆ ಹತೋಟಿ ತಪ್ಪಿ ತಿನ್ನೋ ಕಾಯಿಲೆ ಅಂತ ನಂಗನುಮಾನ. ಇದಕ್ಕೆ ರಕ್ತದ ಟೆಸ್ಟ್ ಇಲ್ಲಮ್ಮ, ನೀವು ಹೇಳೋದೇ ಟೆಸ್ಟ್,” ಎಂದರು ಡಾಕ್ಟರು. “ಅತ್ತೇನ ಹೊರಗೆ ಕೂರಿಸೋಣ್ವಾ?”

“ನಾನ್ಯಾಕ್ ಹೋಗ್ಲಿ? ಕರ್ಕೊಂಬಂದಿದ್ದೇ ನಾನು,” ಎಂದರು ಅತ್ತೆ.

ನನಗೆ ಭಯವಾಯಿತು. ಹೇಳದೆ ಮನೆಗೆ ಹೋದರೆ ಮತ್ತೆ ಅದೇ ಎಂಬ ಭಯ ಇನ್ನೂ ದೊಡ್ಡದಿತ್ತು. ಹೇಳಿಬಿಟ್ಟೆ.

ಅವತ್ತು ಹಿತ್ತಲ ಬಾಗಿಲಿಂದ ಆ ಕೋಣೆಗೆ ಹೋದವಳು ನಾನು. ಕೋಣೆ ತುಂಬ ಸಾಂಬ್ರಾಣಿ ಹೊಗೆ, ಅದರಲ್ಲಿ ದೀಪ ತೇಲುತ್ತಿತ್ತು. ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ತಿಳಿಯದು. ಯಾರದೋ ಕೈ ಮುದ್ದೆ ಮುರಿಯುತ್ತಿತ್ತು, ಕೋಳಿ ಸಾರಲ್ಲಿ ಅದ್ದುತ್ತಿತ್ತು, ವಡೆ, ಕಜ್ಜಾಯ ಒಂದರ ಮೇಲೊಂದು ಬಾಯಿಗಿಡುತ್ತಿತ್ತು. ರುಚಿ ಇರಲಿಲ್ಲ, ಮೈಯೆಲ್ಲ ಹಗುರ. ಬಳೆ ಕಂಡಾಗ ಅದು ನನ್ನದೇ ಕೈ ಎಂದು ಗೊತ್ತಾಯಿತು. ಸಾಕು ಅಂದುಕೊಂಡೆ, ಕೈ ಕೇಳಲಿಲ್ಲ. ಜಗಲಿಯ ಮೇಲೆ ಅತ್ತೆ ಕೆಮ್ಮಿದ್ದು ಯಾವುದೋ ದೂರದ ಊರಿನಿಂದ ಕೇಳಿಸಿತು.

“ಅಂಗಾದ್ರೆ ಅವ್ರು ಬರ್ಲೇ ಇಲ್ವಾ?” ಎಂದರು ಅತ್ತೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಅತ್ತೆ ಸೆರಗಲ್ಲಿ ಮುಖ ಮುಚ್ಚಿ ಬಿಕ್ಕಿದರು. ಮಾವ ಸತ್ತ ದಿನವೂ ಅವರು ಹೀಗೆ ಅತ್ತಿರಲಿಲ್ಲ.

ಡಾಕ್ಟರು ಮೆಲ್ಲಗೆ ಕೇಳಿದರು, “ಈ ಆರು ತಿಂಗಳಲ್ಲಿ, ವಾರಕ್ಕೆಷ್ಟು ಸಲ ಹೀಗಾಗಿದೆ?”

ನಾನು ಅತ್ತೆಯ ಕಡೆ ನೋಡಿದೆ.

“ಹೇಳೇ,” ಎಂದರು ಅತ್ತೆ, ಮುಖ ಒರೆಸಿಕೊಳ್ಳದೆ. “ನಂಗ್ ನೋವಾಯ್ತದೆ ಅಂತ ಮುಚ್ಚಿಡ್ಬ್ಯಾಡ. ಅವ್ರು ಹೋದ್ರು. ನೀನ್ ಇದ್ದೀಯ.”

“ಮೂರು,” ಎಂದೆ. ಆಮೇಲೆ, “ಅಲ್ಲ, ನಾಲ್ಕು,” ಎಂದೆ.