ಕೊನೆಗೆ ಬಂದವರೇ ದೊಡ್ಡವರು

ನನ್ನ ತಂಗಿ ಇಂದ್ರಾಣಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕ ದಿನದಿಂದ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ನಮ್ಮ ಲೈನ್ ಮನೆಗಳ ಸಾಲಿನಲ್ಲಿ ಕೆಟ್ಟ ಸಾಮಾನೆಲ್ಲ ನಮ್ಮ ಮನೆಗೇ ಬರತೊಡಗಿತು. ಪಕ್ಕದ ಮನೆಯ ಸೆಲ್ವಿಯಕ್ಕ ಮಿಕ್ಸಿ ತಂದಿಟ್ಟರು. ಎದುರು ಮನೆಯವರು ಟಿವಿ ರಿಮೋಟು ಕೊಟ್ಟುಹೋದರು. ನಾನು ಓದುವುದು ಅದಲ್ಲ ಎಂದು ಇಂದ್ರಾಣಿ ಎಷ್ಟು ಹೇಳಿದರೂ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಇನ್ನೂ ಮೊದಲನೇ ವರ್ಷ ತಾನೇ, ನಿಧಾನವಾಗಿ ಕಲಿತುಕೊಳ್ಳುತ್ತಾಳೆ ಎಂದು ಅವಳಿಗೇ ಸಮಾಧಾನ ಹೇಳಿ ಸೆಲ್ವಿಯಕ್ಕ ಮಿಕ್ಸಿಯನ್ನು ನಮ್ಮಲ್ಲೇ ಬಿಟ್ಟರು.

ಇಂದ್ರಾಣಿಯ ಲೆಕ್ಕಾಚಾರವೂ ಏನು ಕಡಿಮೆ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಸ್ವಂತದ್ದೊಂದು ಗೇಮ್ ಮಾಡಿಬಿಡುತ್ತೇನೆ ಅಂದುಕೊಂಡಿದ್ದಳು. ಬೆಳಗಿನ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕಾಲೇಜು ಸೇರಿದರೆ ಅಲ್ಲಿ ಸಿಕ್ಕಿದ್ದು ಗಣಿತ, ಗಣಿತದ ಮೇಲೆ ಇನ್ನಷ್ಟು ಗಣಿತ. ಪ್ರೋಗ್ರಾಮ್ ಅನ್ನೂ ಮೊದಲು ಪೆನ್ನಿನಲ್ಲೇ ಬರೆಯಬೇಕಂತೆ. ಕೊನೆಗೂ ಲ್ಯಾಬಿಗೆ ಬಿಟ್ಟಾಗ, ಅವಳು ಏನು ಟೈಪು ಮಾಡಿದರೂ ಕಂಪ್ಯೂಟರು ನಮ್ಮ ಸೋದರತ್ತೆ ಅನಸೂಯಮ್ಮನ ಹಾಗೆ ಒಂದಲ್ಲ ಒಂದು ತಪ್ಪು ತೆಗೆಯಿತು.

ನನಗೆ ಇದೆಲ್ಲ ಕೇಳಿ ನಗು ಬರುತ್ತಿತ್ತು. ನಾನು ಶ್ರೀದೇವಿ, ಬಿ.ಕಾಂ., ಬಂಗಾರಪೇಟೆಯ ಸಿಮೆಂಟ್ ಅಂಗಡಿಯಲ್ಲಿ ಕೆಲಸ. ಪಿಯುಸಿ ಮುಗಿದಾಗ ನನಗೂ ಕಂಪ್ಯೂಟರ್ ಓದುವ ಆಸೆಯಿತ್ತು. ಹೆಣ್ಣುಮಗುವಿಗೆ ಕಾಮರ್ಸ್ ಸಾಕು ಅಂದಿದ್ದ ಅಪ್ಪ, ಚಿಕ್ಕವಳ ಸರದಿ ಬಂದಾಗ ತಾವೇ ಸೀಟಿಗೆ ಓಡಾಡಿದರು. ನಮ್ಮ ಮನೆಯಲ್ಲಿ ಕೊನೆಗೆ ಬಂದವರೇ ದೊಡ್ಡವರು. ಈ ಮಾತನ್ನು ನಾನು ನಗುತ್ತಲೇ ಹೇಳುತ್ತೇನೆ, ಆದರೆ ಪೂರ್ತಿ ನಗುತ್ತಾ ಅಲ್ಲ.

ಒಂದು ಭಾನುವಾರ ಇಂದ್ರಾಣಿ ಇನ್ನು ಸಾಕು ಅಂದಳು. ಕೋರ್ಸ್ ಬದಲಾಯಿಸಿಕೊಳ್ಳಲು ಮರುದಿನವೇ ಕಡೆಯ ದಿನ, ಅವಳೂ ಬಿ.ಕಾಂ. ಸೇರುತ್ತಾಳಂತೆ.

"ನಂಗೆ ತಲೆಗೆ ಅತ್ತಲ್ಲ ಅಕ್ಕ. ನಿನ್ನಂಗೇ ಇದ್ಬಿಡ್ತೀನಿ" ಅಂದಳು.

ನಿನ್ನಂಗೇ! ಅವಳ ಕೆನ್ನೆಗೆ ಎರಡು ಬಿಗಿಯೋಣ ಅನ್ನಿಸಿತು. ನನ್ನ ಕೈಗೆಟುಕದೆ ಹೋದದ್ದನ್ನು ಇವಳು ಬೇಡದ ಪುಡಿಗಾಸಿನ ಹಾಗೆ ಬಿಸಾಡುತ್ತಿದ್ದಳು. ನಾಳೆ ತೋರಿಸಬೇಕಾದ ಪ್ರೋಗ್ರಾಮ್ ಒಂದನ್ನು ಮುಗಿಸು, ಆಮೇಲೆ ಎಲ್ಲಿಗಾದರೂ ಹೋಗು ಎಂದು ಗದರಿದೆ.

ಪ್ರೋಗ್ರಾಮ್ ದೊಡ್ಡದೇನಲ್ಲ. ಕೆಲವರ ಅಂಕಗಳನ್ನು ಕೊಟ್ಟರೆ ಅದರಲ್ಲಿ ಯಾವುದು ಹೆಚ್ಚು ಎಂದು ಹೇಳಬೇಕು, ಅಷ್ಟೇ. ಇವಳದ್ದು ಮಾತ್ರ ಏನು ಕೊಟ್ಟರೂ ಕಟ್ಟಕಡೆಯ ಅಂಕವೇ ಹೆಚ್ಚು ಅನ್ನುತ್ತಿತ್ತು. ನಮ್ಮ ಮನೆಯಲ್ಲೇ ಬೆಳೆದ ಕಂಪ್ಯೂಟರು ಅಂತ ನಾನು ಚುಡಾಯಿಸಿದೆ. ಅವಳು ನಗಲಿಲ್ಲ. ಬೆಳಗಿನಿಂದ ನೋಡಿ ನೋಡಿ ಅವಳ ಕಣ್ಣು ಕೆಂಪಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಅಮ್ಮಾಜಮ್ಮ ಒಳಗೆ ಬಂದವಳು ಲ್ಯಾಪ್‌ಟಾಪಿಗೆ ದೃಷ್ಟಿಯಾಗಿದೆ ಎಂದು ತೀರ್ಮಾನ ಕೊಟ್ಟಳು. ಸೆಲ್ವಿಯ ಮೇಲೆ ಅವಳಿಗೆ ಮೊದಲಿನಿಂದಲೂ ಅನುಮಾನ. ಒಂದು ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ಎದುರಿಗೆ ಕೂತಳು. ಅಜ್ಜಿಯ ತವರಿನಲ್ಲಿ ಹಾಲು ಕೊಡದ ಹಸುವಿಗೆ ದೃಷ್ಟಿ ತೆಗೆಯುವ ಪದ್ಧತಿಯೇ ಬೇರೆ. ಕೊಂಬಿನಿಂದ ಬಾಲದವರೆಗೆ ಒಂದೊಂದು ಅಂಗದ ಹೆಸರು ಹೇಳಿ, ಅದರ ಕೆಲಸ ಹೇಳಿ, ಪ್ರತಿಯೊಂದಕ್ಕೂ ಉಪ್ಪು ನಿವಾಳಿಸಬೇಕು. ದೃಷ್ಟಿ ಎಲ್ಲಿ ಅವಿತಿದೆಯೋ ಯಾರಿಗೆ ಗೊತ್ತು? ಲ್ಯಾಪ್‌ಟಾಪಿಗೂ ಹಾಗೇ ಆಗಬೇಕು ಅಂದಳು.

ಕೆಟ್ಟಿರುವುದು ಮೆಷಿನ್ ಅಲ್ಲ, ನಾನು ಬರೆದದ್ದು ಎಂದು ಇಂದ್ರಾಣಿ ಗೊಣಗಿದಳು.

"ಸರಿ, ಬರ್ದಿರೋದನ್ನೇ ಒಂದೊಂದಾಗಿ ಏಳ್ಕೊಂಡು ಮೇಲಿಂದ ಬಾ" ಅಂದಳು ಅಜ್ಜಿ.

ಬೇಡವೆಂದರೆ ಅಜ್ಜಿ ಏಳುವವಳಲ್ಲ. ಇಂದ್ರಾಣಿ ಹಲ್ಲು ಕಚ್ಚಿಕೊಂಡು ಶುರುಮಾಡಿದಳು. ಈ ಸಾಲು ಅಂಕಗಳನ್ನು ತೆಗೆದುಕೊಳ್ಳುತ್ತದೆ. ಅಜ್ಜಿ ಉಪ್ಪು ನಿವಾಳಿಸಿದಳು. ಈ ಸಾಲು ಒಬ್ಬೊಬ್ಬರನ್ನಾಗಿ ಕರೆಯುತ್ತದೆ. ಮತ್ತೆ ಉಪ್ಪು. ಒಬ್ಬರು ಬಂದಾಗಲೆಲ್ಲ, ಇಲ್ಲಿಯವರೆಗಿನ ದೊಡ್ಡ ಅಂಕವನ್ನು ಈ ಸಾಲು ಸೊನ್ನೆ ಮಾಡುತ್ತದೆ, ಆಮೇಲೆ...

ಅವಳು ಪರದೆಗೆ ಬಾಗಿ ಅದೇ ಸಾಲನ್ನು ಮತ್ತೆ ಓದಿದಳು. ಅಜ್ಜಿ ಮುಷ್ಟಿ ಹಿಡಿದುಕೊಂಡೇ ಕಾಯುತ್ತಿದ್ದಳು.

"ಅಕ್ಕ, ಒಬ್ಬೊಬ್ರು ಬಂದಾಗ್ಲೂ ಇದು ಮುಂಚೆ ಬಂದವ್ರನ್ನೆಲ್ಲ ಮರ್ತು ಬಿಡ್ತದೆ. ಸೊನ್ನೆ ಮಾಡೋದು ಸುರೂನಾಗೆ ಒಂದೇ ಸಲ ಇರ್ಬೇಕಿತ್ತು" ಅಂದಳು.

ಆ ಸಾಲನ್ನು ಮೇಲಕ್ಕೆ ಒಯ್ದು ಹಾಕಿದಳು. ಪರೀಕ್ಷೆ ಮಾಡಲು ಏನೋ ಅಂಕಗಳನ್ನು ಒತ್ತಿದಳು. ನಾನು ಬಗ್ಗಿ ನೋಡಿದೆ. ಮೊದಲನೆಯದು ನನ್ನ ಪಿಯುಸಿ ಅಂಕ, ಆಮೇಲೆ ಚಿಕ್ಕಪ್ಪನ ಮಗ ನರೇಶನದು, ಕೊನೆಯದು ಅವಳದು. ನನ್ನ ಅಂಕ ಅವಳಿಗೆ ನೆನಪಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಪರದೆಯ ಮೇಲೆ ನನ್ನ ಅಂಕ ಬಂತು.

"ಇಷ್ಟ್ ದಿನ ತಪ್ಪು ಏಳ್ತಿತ್ತು ಕಣಕ್ಕ" ಅಂದಳು ಇಂದ್ರಾಣಿ. ಬಿ.ಕಾಂ. ಮಾತು ಮತ್ತೆ ಎತ್ತಲಿಲ್ಲ. ನಾಳೆ ಬೆಳಗಿನ ರೈಲಿಗೆ ಎಬ್ಬಿಸಲು ಮಾತ್ರ ಹೇಳಿದಳು.

ಇದೊಂದು ಹೇಳುವುದಕ್ಕೆ ಇಷ್ಟೊಂದು ವರ್ಷ ಓದಬೇಕಾ ಎಂದು ಅಜ್ಜಿ ಕೇಳಿದಳು. ಆದರೂ ಗೆಲುವು ತನ್ನದೇ ಎಂಬ ಠೀವಿಯಲ್ಲಿ ಹಿತ್ತಲಿಗೆ ಹೋಗಿ, ನೀರೊಲೆಯ ಕೆಂಡಕ್ಕೆ ಉಪ್ಪು ಮೆಣಸಿನಕಾಯಿ ಸುರಿದಳು. ನಾನೂ ಹಿಂದೆಯೇ ಹೋಗಿ ಒಲೆಯ ಹತ್ತಿರ ನಿಂತೆ. ದೃಷ್ಟಿ ಜೋರಾಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ಅಜ್ಜಿಯ ನಂಬಿಕೆ.

"ನೋಡ್ದಾ, ಒಂಚೂರೂ ಘಾಟಿಲ್ಲ" ಎಂದು ಹೆಮ್ಮೆಯಿಂದ ತಿರುಗಿದ ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. "ಮತ್ತೆ ನಿಂಗ್ಯಾಕೆ ಕಣ್ಣಾಗೆ ನೀರು?"