ಜಯರಾಮಯ್ಯನ ಕೊರಿಯಾ ಸಾವು

ತೋವಿನಕೆರೆಯ ಜಯರಾಮಯ್ಯ ಇಪ್ಪತ್ತೆರಡು ವರ್ಷಗಳಿಂದ ಸಾಯುತ್ತಲೇ ಬಂದಿದ್ದ, ಆದರೆ ಒಂದು ಸಲವೂ ಬಾಯಿ ಮುಚ್ಚಿಕೊಂಡು ಸತ್ತವನಲ್ಲ. ನಾಟಕದಲ್ಲಿ ಅವನದು ಪಾಳೇಗಾರ ಭೈರನಾಯಕನ ಪಾರ್ಟು. ಎದೆಗೆ ಬಾಣ ಬಿದ್ದ ಮೇಲೂ ಭೈರನಾಯಕ ಎರಡು ಹಾಡು ಹೇಳಿ, ಹೆಂಡತಿಗೆ ಬುದ್ಧಿ ಹೇಳಿ, ಶತ್ರುವಿಗೆ ಶಾಪ ಹಾಕಿ, ಆಮೇಲೆ ಉರುಳಬೇಕು. ಉರುಳಿದ ಮೇಲೆ ಜನ 'ಒನ್ಸ್ ಮೋರ್' ಎಂದರೆ ಎದ್ದು, ಪಂಚೆ ಕೊಡವಿಕೊಂಡು, ಮತ್ತೆ ಮೊದಲಿಂದ ಸಾಯಬೇಕು. ನಮ್ಮ ಕಡೆಯ ಪದ್ಧತಿಯೇ ಅದು. ಒಂದು ವರ್ಷ ಮಧುಗಿರಿಯ ಪುಣ್ಯಾತ್ಮರು ಅವನನ್ನು ನಾಲ್ಕು ಸಲ ಸಾಯಿಸಿದ್ದರು. ಆ ಸುದ್ದಿಯನ್ನು ಅವನು ಇವತ್ತಿಗೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ.

ಈ ವರ್ಷ ಗಂಟಲಲ್ಲಿ ಗಂಟೆದ್ದು, ತುಮಕೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಮೇಲಿನ ಸ್ವರ ಹೋಯಿತು. ನಾಟಕದ ಟ್ರಯಲ್ಲಿನಲ್ಲಿ ಬಾಯಿ ತೆಗೆದರೆ ಸೈಕಲ್ ಪಂಪು ಒತ್ತಿದಂತಾಯಿತು. ಪಾವಗಡದಿಂದ ಬಂದು ನಾಟಕ ಕಲಿಸುವ, ತೆಲುಗು ಬೆರೆಸಿ ಮಾತಾಡುವ ಹಾರ್ಮೋನಿಯಂ ಮೇಷ್ಟ್ರು ಕದರಪ್ಪ ಪೆಟ್ಟಿಗೆಯಿಂದ ಕೈ ತೆಗೆದು ನಿಟ್ಟುಸಿರು ಬಿಟ್ಟರು.

"ಸಾಮೀ, ಇಟ್ಲಾದ್ರೆ ಶಾನಾ ಕಷ್ಟ. ಈ ಸಾರಿ ನೀವು ಬಾಗ್ಲು ಕಾಯೋ ಪಾರ್ಟ್ ಮಾಡ್ರಿ, ಸುಮ್ನೆ ನಿಂತ್ಕೊಂಡ್ರೆ ಸಾಕು. ನಾಯಕನ ಪಾರ್ಟು ಪ್ರಸನ್ನ ಕುಮಾರ್‌ಗೆ ಕೊಡಾಣ."

ಪ್ರಸನ್ನ ಕುಮಾರ್ ಬರಗೂರು ಕಡೆಯ ಲೈನ್‌ಮನ್. ಕಂಬದ ಮೇಲಿದ್ದರೂ ಹಾಡುವ ಆಸಾಮಿ, ಕಂಠ ಚೆನ್ನಾಗಿಯೇ ಇತ್ತು. ಅದೇ ಜಯರಾಮಯ್ಯನ ಹೊಟ್ಟೆ ಉರಿಸಿದ್ದು. ಮೂವತ್ತು ವರ್ಷ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನನ್ನು ಜನ ಮಾತಾಡಿಸುತ್ತಿದ್ದುದು 'ಏನ್ ನಾಯಕ್ರೇ' ಎಂದು. ಪಾರ್ಟು ಹೋದರೆ ಇನ್ನು ಯಾವ ಮುಖ ಹೊತ್ತುಕೊಂಡು ಕೊರಟಗೆರೆ ಪೇಟೆಯಲ್ಲಿ ತಿರುಗುವುದು?

ಮೂರು ದಿನ ಅವನು ಮುದ್ದೆ ಮುರಿಯಲಿಲ್ಲ. ಸೊಸೆ ತೇಜಸ್ವಿನಿಗೆ ನೋಡಿ ನೋಡಿ ಸಾಕಾಯಿತು. "ಮಾವ, ಸುಮ್ನೆ ಮುಖ ಊದಿಸ್ಕೊಂಡು ಕೂತ್ಕಬ್ಯಾಡಿ. ಇದೊಂದ್ ನೋಡಿ, ಕೊರಿಯಾದೋರ ಯುದ್ಧದ ಪಿಚ್ಚರ್. ತೆಲುಗು ಡಬ್ಬಿಂಗ್ ಐತೆ," ಎಂದು ಟಿವಿ ಹಾಕಿದಳು.

ಮಧುಗಿರಿ ಬೆಟ್ಟದಂಥದೇ ಒಂದು ಬೆಟ್ಟ, ಮೇಲೆ ಕೋಟೆ, ಸುತ್ತ ಹಿಮ. ಬಾಗಿಲಿಗೆ ಶತ್ರು ಬಂದು ನಿಂತಿದ್ದಾನೆ, ಒಳಗೆ ಮಂತ್ರಿಗಳು ಯಾರು ಯಾವ ಕಡೆ ಕೂರಬೇಕೆಂದು ಜಗಳವಾಡುತ್ತಿದ್ದಾರೆ.

"ಇದು ನಮ್ ಪಂಚಾಯ್ತಿ ಮೀಟಿಂಗೇ ಕಣಮ್ಮ!" ಎಂದು ಜಯರಾಮಯ್ಯ ನೆಟ್ಟಗೆ ಕೂತ. "ಆ ರಾಜನ್ನ ನೋಡು, ಮೂಗ್ ಒರೆಸ್ಕಳಾಕೂ ಇಬ್ರು ಬೇಕು. ಅಲ್ಲಾ, ಮುದ್ದೆ ಇಲ್ದೆ ಈ ಚಳೀಲಿ ಹೆಂಗ್ ಹೊಡೆದಾಡ್ತಾರೆ?"

ಹೊಡೆದಾಡಿದರು ಮಾತ್ರ ಹಾಗೆ ಹೀಗೆ ಅಲ್ಲ. ಕೆಸರು, ಹೊಗೆ, ಬಿದ್ದ ಕುದುರೆಗಳು. ಎಲ್ಲರ ನಡುವೆ ಒಬ್ಬ ಮುದಿ ಸೇನಾಪತಿ. ಎರಡೂವರೆ ಗಂಟೆಯಲ್ಲಿ ಆ ಪುಣ್ಯಾತ್ಮ ಆಡಿದ್ದು ಹತ್ತು ಹನ್ನೊಂದು ಮಾತು. ಕೊನೆಗೆ ಮೈತುಂಬ ಬಾಣ ನೆಟ್ಟುಕೊಂಡು, ಕೋಟೆ ಬಾಗಿಲಲ್ಲಿ ಭರ್ಜಿಗೆ ಒರಗಿ, ನಿಂತಲ್ಲೇ ಸತ್ತ. ಬೀಳಲೇ ಇಲ್ಲ. ಶತ್ರುಗಳಿಗೆ ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ಪಕ್ಕದಲ್ಲಿ ಸೊರಸೊರ ಸದ್ದು ಕೇಳಿ ತಿರುಗಿದರೆ, ಹೆಂಡತಿ ಸರಸಮ್ಮ ಅವರೇಕಾಯಿ ಸುಲಿಯುವುದು ಬಿಟ್ಟು ಗಳಗಳ ಅಳುತ್ತಿದ್ದಳು. ಜಯರಾಮಯ್ಯನಿಗೆ ರೇಗಿಹೋಯಿತು.

"ಊರಿಲ್ಲ ಕೇರಿಲ್ಲ, ಯಾವೋನಿಗೋ ಅಳ್ತೀಯಲ್ಲೇ! ಇಪ್ಪತ್ತೆರಡು ವರ್ಷದಿಂದ ಸಾಯ್ತಾ ಇವ್ನಿ, ನಂಗೊಂದಿನ ಅತ್ತಿದ್ದೀಯಾ?"

"ನೀನ್ ಸಾಯಾಕೆ ಮುಕ್ಕಾಲ್ ಗಂಟೆ ತಗಂತೀಯ," ಎಂದಳು ಸರಸಮ್ಮ ಸೆರಗಿನಲ್ಲಿ ಮೂಗೊರೆಸಿ. "ಬಂದಿರೋ ಅಳೂ ಅಷ್ಟೊತ್ಗೆ ಒಣಗೋಗ್ತೈತೆ."

ಆ ಮಾತು ನಾಟಿತು. ಜಯರಾಮಯ್ಯ ಆ ವಾರವೆಲ್ಲ ಕೊರಿಯಾದ ಯುದ್ಧಗಳನ್ನೇ ನೋಡಿದ. ಒಬ್ಬ ಸೇನಾಪತಿಯಾದರೂ ಸಾಯುವಾಗ ರಾಗ ಎಳೆಯಲಿಲ್ಲ. ಎಂಟನೆಯ ದಿನ ನೇರ ಕದರಪ್ಪ ಮೇಷ್ಟ್ರ ಮುಂದೆ ಹೋಗಿ ನಿಂತ. "ಈ ಸಲ ನಾನು ಹಾಡದೆ ಸಾಯ್ತೀನಿ."

"ಪಾಟ ಲೇಕುಂಡಾ ಚಾವಾ?" ಮೇಷ್ಟ್ರು ಬಾಯಿಗೆ ಹಾಕಿದ್ದ ಎಲೆಯಡಿಕೆ ನುಂಗಿಬಿಟ್ಟರು. ಹಾಡಿಲ್ಲದ ಸಾವನ್ನು ಅವರ ಹಾರ್ಮೋನಿಯಂ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ವಾದಿಸಿ ವಾದಿಸಿ ಕೊನೆಗೆ ಒಂದು ಕರಾರಿಗೆ ಬಂದರು. ಪ್ರಸನ್ನ ಕುಮಾರ್ ಅದೇ ವೇಷ, ಅದೇ ಕಿರೀಟ ಹಾಕಿಕೊಂಡು ಪರದೆಯ ಪಕ್ಕದಲ್ಲಿ ನಿಂತಿರಬೇಕು. ಜನ ಕೂಗೆಬ್ಬಿಸಿದರೆ ಜಯರಾಮಯ್ಯ ಇಳಿಯಬೇಕು, ಅವನು ಹತ್ತಬೇಕು. ಆಮೇಲೆ ಪಾರ್ಟು ಯಾವತ್ತಿಗೂ ಅವನದೇ.

ಸರಸಮ್ಮ ಬೈಯುತ್ತಲೇ ಹಳೇ ಕೌದಿ ಹರಿದು ಬಾಣ ನೆಡುವಂಥ ದಪ್ಪ ಅಂಗಿ ಹೊಲಿದಳು, ಕಸಪೊರಕೆಯ ಕಡ್ಡಿಗೆ ಕೋಳಿಪುಕ್ಕ ಕಟ್ಟಿ ಬಾಣ ಮಾಡಿದಳು.

ರಾತ್ರಿ ಮೈಕಿಗೆ ಪರ್ಮಿಷನ್ ಸಿಗದ ಕಾರಣ ಕೊರಟಗೆರೆಯಲ್ಲಿ ನಾಟಕ ಹಗಲೇ ನಡೆಯಿತು. ಶಾಮಿಯಾನದ ತುಂಬ ಜನ. ಕೊನೆಯ ಯುದ್ಧದಲ್ಲಿ ಶತ್ರುಸೈನಿಕರು ಭೈರನಾಯಕನನ್ನು ಮುತ್ತಿದರು. ಅವರು ಸರಿದಾಗ ಜಯರಾಮಯ್ಯ ಮೈತುಂಬ ಬಾಣ ಚುಚ್ಚಿಸಿಕೊಂಡು ಭರ್ಜಿ ಹಿಡಿದು ನಿಂತಿದ್ದ. ಕಣ್ಣು ಮುಚ್ಚಿದ. ಉಸಿರು ಬಿಗಿಹಿಡಿದ. ಮುಗಿಯಿತು.

ಎಲ್ಲಿ ಮುಗಿಯಿತು! ಕದರಪ್ಪ ಮೇಷ್ಟ್ರ ಕೈ ಅಭ್ಯಾಸಬಲದಿಂದ ಶ್ರುತಿ ಕೊಟ್ಟಿತು. ಹಾಡು ಬರಲಿಲ್ಲ. ಇನ್ನೊಮ್ಮೆ ಕೊಟ್ಟಿತು.

"ಲೇ, ಮಾತು ಮರ್ತವ್ನೆ ಕಣ್ಲಾ!"

"ಮೈಕ್ ಹೋಯ್ತೇನ್ಲಾ?"

ಒಬ್ಬ ಶಿಳ್ಳೆ ಹೊಡೆದ, ಹತ್ತು ಜನ ಸೇರಿಕೊಂಡರು. ಪರದೆಯ ಪಕ್ಕದಲ್ಲಿ ಪ್ರಸನ್ನ ಕುಮಾರ್ ಕಿರೀಟ ಸರಿಮಾಡಿಕೊಳ್ಳುವುದು ತಗಡಿನ ಸದ್ದಿನಿಂದಲೇ ಜಯರಾಮಯ್ಯನಿಗೆ ಗೊತ್ತಾಯಿತು. ಆದರೂ ಅವನು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಅವನ ಭಾಮೈದ ರಂಗನಾಥ ಹಾರ ಹಿಡಿದು ಸ್ಟೇಜು ಹತ್ತಿದ. ಯುದ್ಧವಿರಲಿ, ಸಾವಿರಲಿ, ನಡುವೆ ನುಗ್ಗಿ ನೆಂಟನಿಗೆ ಹಾರ ಹಾಕುವುದು ನಮ್ಮ ನಾಟಕಗಳಲ್ಲಿ ನೆಂಟರ ಹಕ್ಕು. ಬಾಣಗಳ ನಡುವೆ ಹಾರ ಇಳಿಯಲಿಲ್ಲ. ರಂಗನಾಥ ಎಡದಿಂದ ನೋಡಿದ, ಬಲದಿಂದ ನೋಡಿದ.

"ಭಾವಾ... ತಲೆ ಬಗ್ಸು ಭಾವಾ." ತಲೆ ಬಗ್ಗಲಿಲ್ಲ. ಮೂಗಿನ ಹತ್ತಿರ ಬೆರಳಿಟ್ಟ. ಜಯರಾಮಯ್ಯ ಉಸಿರನ್ನು ಇನ್ನೂ ಬಿಗಿಹಿಡಿದ. ಹಾಡದೆ ಸಾಯುವ ಭೈರನಾಯಕನನ್ನು ಕಂಡೇ ಇಲ್ಲದ ರಂಗನಾಥ ಮೈಕಿಗೇ ಬಾಯಿ ಹಚ್ಚಿ ಕಿರುಚಿದ. "ಅಯ್ಯಯ್ಯೋ! ನಮ್ ಭಾವ ನಿಜವಾಗ್ಲೂ ಹೋಗ್ಬುಟ್ಟ ಕಣ್ರಪ್ಪೋ!"

ಶಿಳ್ಳೆ ಗಪ್ಪೆಂದು ನಿಂತಿತು. ಆಪರೇಷನ್ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಸಾವಿರ ಜನ ಒಟ್ಟಿಗೆ ಎದ್ದು ನಿಂತರು. ಬಾಣ ಕಟ್ಟಿದ್ದ ಸರಸಮ್ಮನಿಗೂ ಒಂದು ಕ್ಷಣ ಎಲ್ಲ ಮರೆತುಹೋಯಿತು. ಚಪ್ಪಲಿ ಬಿಟ್ಟು ಓಡಿಬಂದು ಗಂಡನ ಕಾಲು ಹಿಡಿದಳು. "ಗಂಟ್ಲು ಹೋದ್ರೆ ಹೋಗ್ಲಿ ಅಂತಿದ್ನಲ್ಲೋ! ಹಾಡ್ದೇ ಇದ್ರೂ ಮನೇಲಿ ಕೂತಿದ್ರೆ ಸಾಕಾಗಿತ್ತಲ್ಲೋ ನಂಗೆ!"

ಕಣ್ಣು ಬಿಟ್ಟರೆ ಪಾರ್ಟು ಹೋಗುತ್ತದೆ, ಬಿಡದಿದ್ದರೆ ಇವಳ ಜೀವ ಹೋಗುತ್ತದೆ. ಜಯರಾಮಯ್ಯ ತುಟಿ ಅಲ್ಲಾಡಿಸದೆ, ಇದ್ದಬದ್ದ ಸ್ವರದಲ್ಲಿ ಪಿಸುಗುಟ್ಟಿದ.

"ಬದ್ಕಿವ್ನಿ ಕಣೇ. ಅಳು. ಇನ್ನೊಂಚೂರು ಅಳು."

ಸರಸಮ್ಮ ತಲೆಯೆತ್ತಿದಳು. ಅಳು ನಿಲ್ಲಲಿಲ್ಲ, ಅದರ ಮೇಲೆ ಕೋಪವೂ ಸೇರಿಕೊಂಡಿತು. ಎದ್ದು ನಿಂತು ಅವನ ಎದೆಗೆ ದಬದಬನೆ ಗುದ್ದಿದಳು. ಕೋಳಿಪುಕ್ಕಗಳು ಹಾರಿದವು, ಒಂದು ಪೊರಕೆಕಡ್ಡಿ ಕೌದಿ ದಾಟಿ ಚುಚ್ಚಿತು.

"ಹಾ!" ಎಂದ ಸತ್ತವನು.

ಶಾಮಿಯಾನಕ್ಕೆ ಶಾಮಿಯಾನವೇ ಹೋ ಎಂದಿತು. ಅತ್ತವರೇ ನಕ್ಕರು, ನಕ್ಕವರೇ ಕಣ್ಣೊರೆಸಿಕೊಂಡರು. ಪ್ರಸನ್ನ ಕುಮಾರ್ ತಾನಾಗಿಯೇ ಕಿರೀಟ ತೆಗೆದು ಚಪ್ಪಾಳೆ ತಟ್ಟಿದ. ಹಿಂದಿನ ಸಾಲಿನಿಂದ ಶುರುವಾದ ಕೂಗು ಮುಂದಿನ ಸಾಲಿನವರೆಗೂ ಬಂತು. "ಒನ್ಸ್ ಮೋರ್! ಒನ್ಸ್ ಮೋರ್!"

"ಆಗ್ಲಿ ಸಾಮೀ," ಎಂದರು ಕದರಪ್ಪ ಮೇಷ್ಟ್ರು. "ಜನ ಕೇಳ್ತಾವ್ರೆ, ಇನ್ನೊಂದ್ಸಾರಿ."

ಪದ್ಧತಿ ಪದ್ಧತಿಯೇ. ಜಯರಾಮಯ್ಯ ಭರ್ಜಿ ಸರಿಮಾಡಿಕೊಂಡು ಮತ್ತೆ ಕಣ್ಣು ಮುಚ್ಚಲು ಹೊರಟ. ಸರಸಮ್ಮ ಅವನ ಕೈಯಿಂದ ಭರ್ಜಿ ಕಿತ್ತುಕೊಂಡಳು. ಮುಖ ಒರೆಸಿಕೊಳ್ಳದೆಯೇ ಮೈಕಿನ ಮುಂದೆ ಹೋಗಿ ನಿಂತಳು.

"ಒಂದ್ಸಲ ಸತ್ತಿದ್ದು ಸಾಲ್ದೇನ್ರೋ ನಿಮ್ಗೆ?" ಎಂದಳು. "ಇವತ್ತಿಗೆ ಇಷ್ಟೇ. ನಾನು ಇವ್ನನ್ನ ಮನೆಗ್ ಕರ್ಕೊಂಡೋಗ್ಬೇಕು."