ಬಿಸಿಲೇರುವ ಮುಂಚೆ ಗುಡ್ಡವೇರಿ

ಸಿರುಗುಪ್ಪದ ಮೂಕಮ್ಮ ಬೆಳೆದದ್ದು ಭತ್ತದ ಗದ್ದೆಗಳ ಬಯಲಿನಲ್ಲಿ. ಬಳ್ಳಾರಿಗೆ ಹೋಗುವ ಬಸ್ಸು ಕುರುಗೋಡು ದಾಟುವಾಗ ಕಿಟಕಿಗೆ ಹಣೆ ಹಚ್ಚಿ ಬೆಟ್ಟಗಳನ್ನು ನೋಡುತ್ತಿದ್ದಳು. ಒಂದರ ಮೇಲೊಂದು ಕೂತ ಗುಂಡುಕಲ್ಲುಗಳು ಗಾಳಿಯಲ್ಲಿ ತೇಲುತ್ತಿವೆ ಅನ್ನಿಸುತ್ತಿತ್ತು. ಒಮ್ಮೆಯಾದರೂ ಅಲ್ಲಿ ಕೂರಬೇಕೆಂಬುದು ಆಕೆಯ ಆಸೆ.

ಮಾರ್ಚ್ ತಿಂಗಳಲ್ಲಿ ಗಂಡ ಎರ್ರಿಸ್ವಾಮಿ ಒಪ್ಪಿದ. ಮೂಕಮ್ಮ ಬಳ್ಳಾರಿ ಪಕ್ಕದ ಗುಡ್ಡದ ಬುಡದ ಊರು ಸಂಗನಕಲ್ಲಿನ ಗೆಳತಿ ಊರಮ್ಮನಿಗೆ ಫೋನ್ ಮಾಡಿದಳು.

"ಬೆಳಿಗ್ಗೆ ಆರಕ್ಕ ಗುಡ್ಡ, ಆಮ್ಯಾಲ ಪ್ಯಾಟಿ," ಎಂದಳು ಊರಮ್ಮ. "ಬ್ರೂಸ್‌ಪೇಟೆ ಸಂದಿಯಾಗ ಗಾಡಿ ತರಬ್ಯಾಡ್ರಿ, ಆಟೋದಾಗ ಹೋಗ್ರಿ. ನೀರು ಮರೀಬ್ಯಾಡ್ರಿ."

ಎರ್ರಿಸ್ವಾಮಿ ನಕ್ಕ. "ನಾನು ಮಿಲ್ಲಿನ್ಯಾಗ ಚೀಲ ಹೊರಾಂವ. ನನಗ ಗುಡ್ಡ ಹತ್ತಾಕ ಹೇಳಿಕೊಡ್ತಾಳ?"

ಬೈಕಿನಲ್ಲೇ ಹೊರಟರು, ಅದೂ ಮೊದಲು ಪೇಟೆಗೆ. ಬ್ರೂಸ್‌ಪೇಟೆಯ ತಳ್ಳುಗಾಡಿಗಳ ನಡುವೆ ಸಿಕ್ಕಿಕೊಂಡು ಎರಡು ತಾಸು ಕಳೆಯಿತು. ಬಾಟಲಿಯ ನೀರು ಅಲ್ಲೇ ಮುಗಿಯಿತು. ಗುಡ್ಡದ ಬುಡ ಮುಟ್ಟಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಊರಮ್ಮನಿಗೆ ಹೇಳದೆ ಹತ್ತತೊಡಗಿದರು.

ಅರ್ಧ ಹತ್ತಿದ ಮೇಲೆ ಮೂಕಮ್ಮ ಕುಸಿದು ಕೂತಳು. ಮುಖದಲ್ಲಿ ಮುಗುಳ್ನಗೆ.

"ಗದ್ದಿ ಕಾಣಾಕತ್ತೈತಿ ರೀ... ನೀರು ನಿಂತೈತಿ. ಇಲ್ಲೇ ಮಲಗ್ತೀನಿ."

ಸುತ್ತ ಬರೀ ಕಾದ ಕಲ್ಲು. ಎರ್ರಿಸ್ವಾಮಿ ಕೆಳಗೆ ನೋಡಿದ. ಬಂದ ದಾರಿ ಯಾವುದೆಂದೂ ತಿಳಿಯಲಿಲ್ಲ. ಊರಮ್ಮನಿಗೆ ಫೋನ್ ಹಚ್ಚಿ ಎಲ್ಲ ಹೇಳಿದ.

"ಆಕಿನ್ನ ನೆಳ್ಳಿಗೆ ಒಯ್ಯಿರಿ ಅಣ್ಣಾ. ಟವಲಿನಿಂದ ಗಾಳಿ ಹಾಕ್ರಿ. ಫೋನಿನಿಂದ ಲೊಕೇಶನ್ ಕಳಸ್ರಿ. ಇಲ್ಲದ್ದು ಮಾತಾಡಾಕತ್ಯಾಳ ಅಂದ್ರ ಬಿಸಿಲು ಬಡದೈತಿ, ತಡ ಮಾಡಬಾರದು, 108ಕ್ಕ ನಾನ ಹೇಳ್ತೀನಿ."

ಊರಮ್ಮ ನೀರಿನ ಕೊಡ ಹೊತ್ತು ಬಂದಳು. ಮೂಕಮ್ಮನ ತಲೆ, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಹಚ್ಚಿದಳು. ಕೆಳಗಿಳಿಸಿದಾಗ ಆಂಬುಲೆನ್ಸ್ ಕಾಯುತ್ತಿತ್ತು. ಸಂಜೆ ಆಸ್ಪತ್ರೆಯಲ್ಲಿ ಮೂಕಮ್ಮ ಸರಿಯಾಗಿ ಮಾತಾಡಿದ ಮೇಲೆಯೇ ಎರ್ರಿಸ್ವಾಮಿ ಚಹಾ ಕುಡಿದ.

"ಇನ್ನ ಗುಡ್ಡದ ಸುದ್ದಿ ಬ್ಯಾಡ," ಎಂದ.

"ಗುಡ್ಡದ್ದೇನು ತಪ್ಪು ರೀ?" ಎಂದಳು ಮೂಕಮ್ಮ.

ಆತ ಆಕೆಯ ಕೈಗೆ ನೀರಿನ ಲೋಟ ಕೊಟ್ಟ.

ಡಿಸೆಂಬರ್‌ನಲ್ಲಿ ಮತ್ತೆ ಬಂದರು, ಈ ಸಲ ಬಸ್ಸಿನಲ್ಲಿ. ಊರಮ್ಮನ ಮನೆಯಲ್ಲಿ ಉಳಿದು, ನಸುಕಿನಲ್ಲಿ ಬೂಟು ಹಾಕಿಕೊಂಡು, ತಲಾ ಎರಡು ಬಾಟಲಿ ನೀರು ಹಿಡಿದು ಹೊರಟರು. ಊರಮ್ಮ ಮುಂದೆ ನಡೆದಳು. ಮಂಜಿನಲ್ಲಿ ಬಳ್ಳಾರಿ ಇನ್ನೂ ಮಲಗಿತ್ತು.

ಮೇಲೆ ಒಂದು ಬಂಡೆಯಲ್ಲಿ ನುಣುಪಾದ ತಗ್ಗುಗಳಿದ್ದವು.

"ಸಾವಿರಾರು ವರ್ಷದ ಹಿಂದಿನ ಮಂದಿ ಇಲ್ಲಿ ಕಲ್ಲಿನ ಕೊಡಲಿ ಮಸೀತಿದ್ರು," ಎಂದಳು ಊರಮ್ಮ.

ಮೂಕಮ್ಮ ಅಂಗೈ ಇಟ್ಟಳು. ತಣ್ಣಗಿತ್ತು. ಕಣ್ಣು ಮುಚ್ಚಿದಳು. "ಯಾರೋ ಕೈ ಹಿಡಿದಂಗಾತು ರೀ."

ಎರ್ರಿಸ್ವಾಮಿ ಚೂಪಾದ ಕಲ್ಲೊಂದನ್ನು ಎತ್ತಿ ಜೇಬಿಗೆ ಹಾಕಲು ಹೋದ. "ಬ್ಯಾಡ ಅಣ್ಣಾ, ಆ ಮಂದಿ ಕಲ್ಲು ಇಲ್ಲೇ ಇರಬೇಕು," ಎಂದಳು ಊರಮ್ಮ. ಆತ ಅದನ್ನು ಇದ್ದಲ್ಲೇ ಇಟ್ಟು, ಹೆಂಡತಿಯ ಪಕ್ಕ ಕೂತ. ಬಿಸಿಲು ಮೂಡುವವರೆಗೆ ಮೂವರೂ ಅಲ್ಲೇ ಕೂತು ಕೆಳಗಿನ ಬಯಲು ನೋಡಿದರು.

ಓದುವವರೇ, ಕೇಳುವವರೇ, ನೀವೂ ಬಳ್ಳಾರಿಗೆ ಬನ್ನಿ. ಪೇಟೆಗೆ ಬಸ್ಸು, ಆಟೋ ಹಿಡಿಯಿರಿ. ಗುಡ್ಡಕ್ಕೆ ನಸುಕಿನಲ್ಲೇ ಹೋಗಿ. ಜೊತೆಗೆ ನೀರಿರಲಿ, ದಾರಿ ಬಲ್ಲವರಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಇಳಿಯುತ್ತೀರಿ ಎಂದು ಒಬ್ಬರಿಗಾದರೂ ಹೇಳಿ. ಅಷ್ಟು ಸಾವಿರ ವರ್ಷ ಕಾದ ಗುಡ್ಡ, ನಾಳೆ ಬೆಳಗಿನವರೆಗೂ ನಿಮಗಾಗಿ ಕಾಯುತ್ತದೆ.